ಕ್ಯಾತನಿಗೆ ಹುಳ, ಹುಳಕ್ಕೆ ಸೊಪ್ಪು

ಪುಣೆಯ ವಾಕಡ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಊರಿಂದ ಯಾರೇ ಬರಲಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಕೂರುವುದಕ್ಕೆ ಮುಂಚೆ ಒಮ್ಮೆ ಬೆಚ್ಚುತ್ತಾರೆ. ಹಾಲ್‌ನ ಮೂಲೆಯಲ್ಲಿ, ಟಿ.ವಿ. ಇರಬೇಕಾದ ಜಾಗದಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆ. ಅದರೊಳಗೆ ದೀಪದ ಕೆಳಗಿನ ಕಲ್ಲಿನ ಮೇಲೆ ಮೊಳದುದ್ದದ ಒಂದು ಹಲ್ಲಿ. ಮೈ ಅಂಚಿಗೆಲ್ಲ ಮುಳ್ಳು. ಸಿಟ್ಟು ಬಂದರೆ ಗಂಟಲ ಕೆಳಗಿನ ಚರ್ಮ ಉಬ್ಬಿ ಕಪ್ಪು ಗಡ್ಡವಾಗುತ್ತದೆ. ಅದಕ್ಕೇ ಇಂಗ್ಲಿಷಿನವರು ಇದನ್ನು ಬಿಯರ್ಡೆಡ್ ಡ್ರ್ಯಾಗನ್ ಎಂದು ಕರೆದಿದ್ದಾರೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ನಮ್ಮಮ್ಮ ವಿಡಿಯೊ ಕಾಲ್‌ನಲ್ಲಿ ಮೊದಲ ಸಲ ನೋಡಿ, “ಏನೋ ಇದು, ಓತಿಕ್ಯಾತನ್ನ ತಂದು ಗಾಜಿನ ಪೆಟ್ಟಿಗೇಲಿಟ್ಟಿದ್ದೀಯ? ಇದಕ್ಕೆ ಕರೆಂಟ್ ಬಿಲ್ ಬೇರೆ ಕಟ್ತೀಯಾ?” ಎಂದಳು. ಅವತ್ತಿಂದ ಅದರ ಹೆಸರು ಕ್ಯಾತ.

ಅಮ್ಮನ ಮಾತು ತಪ್ಪೇನಲ್ಲ. ನಮ್ಮ ಬೇಲಿಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತವೂ ಇದೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಇದರ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಆ ದೇಶ ತನ್ನ ಹಲ್ಲಿ, ಹಾವುಗಳನ್ನು ವ್ಯಾಪಾರಕ್ಕೆಂದು ಹೊರಗೆ ಕಳಿಸಲು ಬಿಡುವುದಿಲ್ಲ. ಹಾಗಾಗಿ ಬೇರೆ ದೇಶಗಳಲ್ಲಿ ಸಾಕುವ ಗಡ್ಡದ ಹಲ್ಲಿಗಳೆಲ್ಲ ಸಾಕಿದವರ ಮನೆಯಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದ ಸಂತತಿ.

ಕ್ಯಾತ ನಮ್ಮನೆಗೆ ಬಂದದ್ದು ನಾವು ಆಸೆಪಟ್ಟು ಅಲ್ಲ. ಹಿಂಜವಡಿಯ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಸೋಫಾ, ಫ್ರಿಜ್, ಬೈಕು ಎಲ್ಲ ಮಾರಾಟವಾದವು, ಇದು ಉಳಿಯಿತು. “ಎಂಟು ತಿಂಗಳ ಮರಿ, ಏನೂ ತೊಂದರೆ ಕೊಡಲ್ಲ. ದಿನಾ ಹತ್ತು ಸೂಪರ್‌ವರ್ಮ್ ಹಾಕು, ಸಾಕು” ಎಂದು ಪೆಟ್ಟಿಗೆ, ದೀಪ ಸಮೇತ ಬಿಟ್ಟುಹೋದ. ಮೂರನೇ ಕ್ಲಾಸಿನ ಮಗಳು ಕುಣಿದಾಡಿದಳು. ಧಾರವಾಡದವಳಾದ ನನ್ನ ಹೆಂಡತಿ ಒಂದು ವಾರ ಆ ಮೂಲೆಯ ಕಡೆ ತಿರುಗಿ ನೋಡಲಿಲ್ಲ.

‘ದಿನಾ ಹತ್ತು ಹಾಕು ಸಾಕು’ ಎಂಬ ಆ ಮಾತನ್ನು ನಾನು ವೇದವಾಕ್ಯದಂತೆ ಪಾಲಿಸಿದೆ. ಅಂಗಡಿಯಲ್ಲಿ ಗೋಧಿ ಬೂಸಾ ತುಂಬಿದ ಡಬ್ಬಿಯೊಳಗೆ ಕಿರುಬೆರಳಿನಷ್ಟು ಉದ್ದದ ಹುಳುಗಳನ್ನು ಮಾರುತ್ತಾರೆ. ಭಾನುವಾರ ಒಂದು ಡಬ್ಬಿ ತಂದರೆ ವಾರವೆಲ್ಲ ಚಿಂತೆಯಿಲ್ಲ. ಕ್ಯಾತ ಗಬಗಬ ತಿನ್ನುತ್ತಿದ್ದ. ತಿನ್ನುತ್ತಿದ್ದಾನೆ ಎಂದರೆ ಚೆನ್ನಾಗಿದ್ದಾನೆ ಎಂದೇ ಅರ್ಥ ಅಂದುಕೊಂಡಿದ್ದೆ.

ಜನವರಿಯ ಒಂದು ಬೆಳಿಗ್ಗೆ, ಪುಣೆಯ ಚಳಿ ಹತ್ತು ಡಿಗ್ರಿಗೆ ಇಳಿದಿದ್ದಾಗ, ಮಗಳು ಪೆಟ್ಟಿಗೆಯ ಮುಂದೆ ಕೂತು, “ಅಪ್ಪಾ, ಕ್ಯಾತ ಟೈಪ್ ಮಾಡ್ತಿದ್ದಾನೆ ನೋಡು” ಎಂದು ನಕ್ಕಳು. ಮುಂಗಾಲಿನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಅದುರುತ್ತಿದ್ದವು, ಕೀಬೋರ್ಡ್ ಮೇಲೆ ಆಡಿದ ಹಾಗೆ. ನಾನೂ ನಕ್ಕೆ. ಮರುದಿನ ಹುಳ ಹಿಡಿಯಲು ಬಾಯಿ ತೆರೆದ ಕ್ಯಾತನಿಗೆ ಅದನ್ನು ಕಚ್ಚಲು ಆಗಲಿಲ್ಲ. ದವಡೆ ಒತ್ತಿ ನೋಡಿದರೆ ರಬ್ಬರಿನಂತೆ ಬಾಗಿತು. ಆಗ ನಗು ನಿಂತಿತು.

ಪುಣೆಯಲ್ಲಿ ನಾಯಿ, ಬೆಕ್ಕಿನ ಡಾಕ್ಟರುಗಳು ಗಲ್ಲಿಗೊಬ್ಬರು ಸಿಗುತ್ತಾರೆ. ಹಲ್ಲಿಯ ಡಾಕ್ಟರನ್ನು ಹುಡುಕಲು ಎರಡು ದಿನ ಬೇಕಾಯಿತು. ಸಿಕ್ಕ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಬಿಳಿಯಾಗಿ ಕಾಣಬೇಕಿದ್ದ ಮೂಳೆಗಳು ಮಂಜಿನಂತೆ ಮಸುಕಾಗಿದ್ದವು. ನನಗೆ ಮೂರೇ ಪ್ರಶ್ನೆ ಕೇಳಿದರು. ಯಾವ ಹುಳ ಹಾಕುತ್ತೀರಿ? ಆ ಹುಳಕ್ಕೆ ಏನು ಹಾಕುತ್ತೀರಿ? ದೀಪ ಬದಲಿಸಿ ಎಷ್ಟು ದಿನವಾಯಿತು? ಮೊದಲನೆಯದಕ್ಕೆ ಉತ್ತರ ಹೇಳಿದೆ. ಎರಡನೆಯ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ಹುಳಕ್ಕೆ ಯಾರಾದರೂ ಊಟ ಹಾಕುತ್ತಾರೆಯೇ?

ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿ ಇಂಥ ಪ್ರಶ್ನೆಗೆ ಬಾಯಿ ಬಿಟ್ಟು ನಿಂತೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಡಾಕ್ಟರಮ್ಮ ಹೇಳಿದ್ದರ ಸಾರ ಇಷ್ಟು. ಹುಳಕ್ಕೆ ಮೂಳೆಯಿಲ್ಲ. ಅದರ ಮೈಗೆ ಆಧಾರವಾಗಿರುವುದು ಹೊರಗಿನ ಸಿಪ್ಪೆ, ಅದು ಕೈಟಿನ್ ಎಂಬ ಬೇರೆಯೇ ವಸ್ತು. ಹಾಗಾಗಿ ಸಾಮಾನ್ಯವಾಗಿ ಮಾರುವ ಹುಳುಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಅದರ ಹಲವು ಪಟ್ಟು ಜಾಸ್ತಿ. ಹಲ್ಲಿಗೆ ಬೇಕಾದದ್ದು ಇದರ ತಿರುವುಮುರುವು: ಒಂದು ಪಾಲು ರಂಜಕಕ್ಕೆ ಸುಮಾರು ಎರಡು ಪಾಲು ಕ್ಯಾಲ್ಸಿಯಂ. ಹೊಟ್ಟೆಗೆ ಬರದಿದ್ದರೆ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕೊಡುತ್ತದೆ. ಅದೂ ಸಾಲದಾದಾಗ ಸ್ನಾಯು ಅದುರಲು ಶುರು. ಮಗಳು ಕಂಡ ಟೈಪಿಂಗ್ ಅದು. ಬೂಸಾ ಬಿಟ್ಟು ಬೇರೇನೂ ತಿನ್ನದ, ಕೊಬ್ಬು ತುಂಬಿದ ಸೂಪರ್‌ವರ್ಮನ್ನು ಬೆಳೆಯುವ ಮರಿಗೆ ನಾಲ್ಕು ತಿಂಗಳು ತಿನ್ನಿಸಿದ್ದೆ. “ನೀವು ಕೊಟ್ಟಿದ್ದು ಖಾಲಿ ಡಬ್ಬಿ” ಎಂದರು ಡಾಕ್ಟರಮ್ಮ. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ಇನ್ನು ದೀಪ. ಹಲ್ಲಿ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ವಿಟಮಿನ್ ಬೇಕು. ಅದು ಚರ್ಮದಲ್ಲಿ ತಯಾರಾಗಲು ಯುವಿಬಿ ಕಿರಣ ಬೇಕು. ಆ ದೀಪ ಉರಿಯುತ್ತಲೇ ಇದ್ದರೂ ಒಳಗಿನ ಯುವಿಬಿ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ. ದೀಪದ ಬಗೆ ನೋಡಿಕೊಂಡು ಆರು ತಿಂಗಳಿಗೋ ವರ್ಷಕ್ಕೋ ಬದಲಿಸಲೇಬೇಕು. ನಾನು ದಿನಾ ಬೆಳಿಗ್ಗೆ ಕ್ಯಾತನನ್ನು ಬಾಲ್ಕನಿಯ ಮುಚ್ಚಿದ ಕಿಟಕಿಯ ಹಿಂದೆ ಬಿಸಿಲು ಕಾಯಿಸುತ್ತಿದ್ದೆ. ಕಿಟಕಿಯ ಗಾಜು ಆ ಕಿರಣವನ್ನು ಒಳಗೇ ಬಿಡುವುದಿಲ್ಲ. ನನ್ನ ಸೇವೆಯಿಂದ ಅವನಿಗೆ ಸಿಕ್ಕಿದ್ದು ಬರೀ ಸೆಕೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. “ಸುಣ್ಣದ ಕೊರತೆ ತಾನೆ? ಎಲೆಅಡಿಕೆ ಡಬ್ಬೀಲಿರೋ ಸುಣ್ಣ ಚೂರು ಹುಳಕ್ಕೆ ಸವರಿ ಹಾಕು” ಎಂದಳು. ಬಾಣಂತಿಯರಿಗೆ ಎಲೆಸುಣ್ಣ ಕೊಟ್ಟ ಕಾಲದವಳು. ಡಬ್ಬಿ ತೆಗೆದೂಬಿಟ್ಟಿದ್ದೆ, ಯಾಕೋ ಅನುಮಾನ ಬಂದು ಡಾಕ್ಟರಿಗೆ ಮೆಸೇಜ್ ಹಾಕಿದೆ. ತಕ್ಷಣ ಉತ್ತರ ಬಂತು: ಬೇಡವೇ ಬೇಡ. ಎಲೆಗೆ ಹಚ್ಚುವ ಸುಣ್ಣ ನಾಲಿಗೆಯನ್ನೂ ಅನ್ನನಾಳವನ್ನೂ ಸುಡುವಂಥ ಕ್ಷಾರ. ಹಲ್ಲಿಗೆ ಕೊಡುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅದೂ ರಂಜಕ ಬೆರೆಸದ, ಪ್ರಾಣಿಗಳಿಗೆಂದೇ ಮಾರುವ ನುಣ್ಣನೆಯ ಪುಡಿ. ಹೆಸರು ಒಂದೇ ‘ಸುಣ್ಣದಂಶ’ವಾದರೂ ವಸ್ತು ಬೇರೆ. ಊರಿನ ಮನೆಮದ್ದುಗಳ ಮೇಲೆ ನನಗೆ ಗೌರವವಿದೆ. ಅವು ಮನುಷ್ಯರಿಗೆ, ದನಕ್ಕೆ ಹುಟ್ಟಿದವು. ಅರ್ಧ ಕಿಲೋ ತೂಗದ ಹಲ್ಲಿಗಲ್ಲ.

ಕ್ಯಾತನಿಗೆ ಹನಿ ಹನಿಯಾಗಿ ಕ್ಯಾಲ್ಸಿಯಂ ದ್ರವ, ಹೊಸ ದೀಪ, ಹೊಸ ಊಟ ಶುರುವಾಯಿತು. ಎರಡು ಮೂರು ತಿಂಗಳಲ್ಲಿ ಅದುರುವುದು ನಿಂತಿತು. ಕೆಳದವಡೆ ಮಾತ್ರ ಈಗಲೂ ಎಡಕ್ಕೆ ಒಂಚೂರು ಸೊಟ್ಟ. ಫೋಟೊದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ.

ಹೊಸ ಊಟ ಎಂದರೆ ಜಿರಳೆ. ಅಡುಗೆಮನೆಯದಲ್ಲ, ಡೂಬಿಯಾ ಎಂಬ ದಕ್ಷಿಣ ಅಮೆರಿಕದ ಜಾತಿ. ನುಣುಪಾದ ಪ್ಲಾಸ್ಟಿಕ್ ಡಬ್ಬದ ಗೋಡೆ ಹತ್ತಲು ಅದಕ್ಕೆ ಬಾರದು, ಗಬ್ಬು ವಾಸನೆಯಿಲ್ಲ, ಸದ್ದು ಮಾಡುವುದಿಲ್ಲ. ಇದನ್ನೆಲ್ಲ ನಾನು ಎಷ್ಟು ವಿವರಿಸಿದರೂ ಹೆಂಡತಿಯ ಮುಂದೆ ನಡೆಯಲಿಲ್ಲ. “ಏನ್ರಿ ಇದು? ಮನ್ಯಾಗ ಒಂದ್ ಜಿರಳಿ ಕಂಡ್ರ ಚಪ್ಲಿ ತಗೋತೀವಿ. ನೀವು ರೊಕ್ಕಾ ಕೊಟ್ಟು ಇನ್ನೂರು ತಂದೀರಿ!” ಡಬ್ಬ ಬಾಲ್ಕನಿಗೆ ಹೋಯಿತು, ಮೇಲೊಂದು ಇಟ್ಟಿಗೆ ಸಮೇತ. ನಡುವೆ ಒಮ್ಮೆ ಬದಲಾವಣೆ ಇರಲಿ ಎಂದು ಚಿಮ್ಮಂಡೆ ತಂದಿದ್ದೆ. ಒಂದು ತಪ್ಪಿಸಿಕೊಂಡು ಫ್ರಿಜ್ಜಿನ ಹಿಂದೆ ಸೇರಿ ಹತ್ತು ರಾತ್ರಿ ಸಂಗೀತ ಕಛೇರಿ ನಡೆಸಿತು. ಅದಾದ ಮೇಲೆ ಜಿರಳೆಯೇ ವಾಸಿ ಎಂದು ಅವಳೇ ಒಪ್ಪಿದಳು.

ನಿಜವಾದ ಕೆಲಸ ಇರುವುದು ಹುಳವನ್ನು ಕ್ಯಾತನ ಮುಂದೆ ಇಡುವುದರಲ್ಲಲ್ಲ, ಅದಕ್ಕೆ ಒಂದೆರಡು ದಿನ ಮುಂಚೆ. ಕುಂಬಳಕಾಯಿ ತುಂಡು, ಕ್ಯಾರೆಟ್, ನುಗ್ಗೆಸೊಪ್ಪು, ಒಂದಿಷ್ಟು ಧಾನ್ಯದ ಹಿಟ್ಟು ಜಿರಳೆಗಳಿಗೆ ಹೊಟ್ಟೆ ತುಂಬ ಸಿಗಬೇಕು. ಆ ಹೊಟ್ಟೆಯೇ ಕ್ಯಾತನ ತಟ್ಟೆ. ನೀರನ್ನು ಬಟ್ಟಲಲ್ಲಿಟ್ಟರೆ ಬಿದ್ದು ಸಾಯುತ್ತವೆ, ತರಕಾರಿಯ ರಸವೇ ಸಾಕು. ತಿನ್ನಿಸುವ ಹೊತ್ತಿಗೆ ಬೇಕಾದಷ್ಟನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಹುರಿದ ಕಡಲೆಕಾಯಿಗೆ ಉಪ್ಪುಖಾರ ಹಾಕಿ ಕುಲುಕಿದ ಹಾಗೆ ಒಮ್ಮೆ ಕುಲುಕುವುದು. ಪುಡಿ ಮೆತ್ತಿದ ಹುಳವನ್ನು ತಕ್ಷಣ ಕೊಡಬೇಕು. ಬಿಟ್ಟರೆ ಮೈ ಒರೆಸಿಕೊಂಡು ಎಲ್ಲ ಉದುರಿಸಿಬಿಡುತ್ತದೆ. ಬೆಳೆಯುವ ಮರಿಗೆ ವಾರದ ಬಹುಪಾಲು ದಿನ ಪುಡಿ ಬೇಕು, ದೊಡ್ಡದಕ್ಕೆ ಎರಡು ಮೂರು ದಿನ ಸಾಕು ಎಂದಿದ್ದರು ಡಾಕ್ಟರಮ್ಮ. ಡಿ3 ಮತ್ತು ವಿಟಮಿನ್ ಬೆರೆಸಿದ ಪುಡಿಯನ್ನು ಮಾತ್ರ ಕೈ ಬಿಗಿ ಹಿಡಿದೇ ಹಾಕಬೇಕು, ಅತಿಯಾದರೆ ಅದೇ ವಿಷ. ಎಷ್ಟು ಎಂಬುದು ದೀಪದ ಶಕ್ತಿ, ಪುಡಿಯ ಬಗೆ, ಹಲ್ಲಿಯ ವಯಸ್ಸು ನೋಡಿ ಡಾಕ್ಟರು ಹೇಳಬೇಕಾದ ಮಾತು. ನನ್ನ ಮಾತು ಕೇಳಬೇಡಿ, ನನ್ನ ಗೆಳೆಯನ ಮಾತು ಕೇಳಿ ನಾನು ಕೆಟ್ಟೆ.

ಗಾತ್ರದ ಲೆಕ್ಕ ಸುಲಭ. ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪನೆಯ ಹುಳ ಬೇಡ. ದೊಡ್ಡದು ಗಂಟಲಲ್ಲಿ ಸಿಗಬಹುದು, ಇಲ್ಲವೇ ಕರುಳಲ್ಲಿ ಕಟ್ಟಿಕೊಳ್ಳಬಹುದು. ಗಟ್ಟಿ ಸಿಪ್ಪೆಯ ಹುಳವಾದರೆ ಇನ್ನೂ ಅಪಾಯ. ಅದಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಸೆಕೆಯನ್ನು. ಹಲ್ಲಿಗೆ ತಿಂದದ್ದು ಅರಗಬೇಕಾದರೆ ಮೈ ಕಾಯಬೇಕು. ಕ್ಯಾತನ ಕಲ್ಲಿನ ಮೇಲೆ 38ರಿಂದ 42 ಡಿಗ್ರಿ ಇರುತ್ತದೆ, ಪೆಟ್ಟಿಗೆಯ ಇನ್ನೊಂದು ತುದಿ ತಂಪು. ಬೆಳಿಗ್ಗೆ ದೀಪ ಹಾಕಿ ಒಂದು ಗಂಟೆಯಾದರೂ ಕಾಯಲು ಬಿಟ್ಟು ಆಮೇಲೆ ಊಟ. ದೀಪ ಆರಿಸುವುದಕ್ಕೆ ಎರಡು ಗಂಟೆ ಮುಂಚೆ ಅಂಗಡಿ ಬಂದ್. ನಾನೋ ಆಫೀಸಿನಿಂದ ರಾತ್ರಿ ಎಂಟೂವರೆಗೆ ಬಂದು, ಪಾಪ ಹಸಿದಿದ್ದಾನೆ ಎಂದು ಹುಳ ಸುರಿದು, ಒಂಬತ್ತಕ್ಕೆ ದೀಪ ಆರಿಸುತ್ತಿದ್ದೆ. ತಿಂದದ್ದು ರಾತ್ರಿಯಿಡೀ ತಣ್ಣನೆಯ ಹೊಟ್ಟೆಯಲ್ಲಿ ಕೊಳೆಯುತ್ತಿತ್ತು. ಕರೆಂಟ್ ಹೋದ ದಿನ ಕ್ಯಾತನಿಗೆ ಏಕಾದಶಿ. ಅದರಿಂದ ಅವನಿಗೇನೂ ಆಗುವುದಿಲ್ಲ.

ಹತ್ತು ಹದಿನೈದು ನಿಮಿಷದಲ್ಲಿ ತಿನ್ನದೆ ಉಳಿದ ಹುಳವನ್ನು ಹೊರಗೆ ತೆಗೆಯಬೇಕು ಎಂಬುದನ್ನು ಚಿಮ್ಮಂಡೆ ತಂದ ವಾರ ಕಲಿತೆ. ಕಲ್ಲಿನ ಕೆಳಗೆ ಅಡಗಿದ್ದ ಒಂದೆರಡು, ಕ್ಯಾತ ಮಲಗಿದ ಮೇಲೆ ಬಂದು ಅವನ ಬಾಲದ ಬುಡವನ್ನೇ ಕಡಿದಿದ್ದವು. ಬೇಟೆಯೇ ಬೇಟೆಗಾರನನ್ನು ತಿಂದಿತು ಎಂದು ಮಗಳು ಸ್ಕೂಲಿನಲ್ಲಿ ಪ್ರಬಂಧ ಬರೆದಳು, ಮರಾಠಿಯಲ್ಲಿ.

ನಮ್ಮಂಥ ಫ್ಲ್ಯಾಟುಗಳಲ್ಲಿ ದೊಡ್ಡ ಅಪಾಯ ಬಿಟ್ಟಿ ಹುಳುಗಳದ್ದು. ಮನೆಗೆಲಸಕ್ಕೆ ಬರುವ ಮಾವಶಿ ಒಂದು ದಿನ ಸಿಂಕಿನ ಕೆಳಗೆ ಸಿಕ್ಕ ಜಿರಳೆಯನ್ನು ಮೊರದಲ್ಲಿ ಹಿಡಿದು, ಕ್ಯಾತನಿಗೆ ಹಾಕೋಣವೇ ಎಂದು ಪ್ರೀತಿಯಿಂದಲೇ ಕೇಳಿದರು. ಆ ಜಿರಳೆ ಸಿಂಕಿನ ಕೆಳಗೆ ಅಷ್ಟು ನಿಧಾನವಾಗಿ ಓಡಾಡುತ್ತಿದ್ದುದೇಕೆ ಎಂದು ಯೋಚಿಸಿ. ಹಿಂದಿನ ವಾರ ಸೊಸೈಟಿಯವರು ಮನೆ ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸಿದ್ದರು. ಆ ಜೆಲ್ ತಿಂದ ಜಿರಳೆ ತಕ್ಷಣ ಸಾಯುವುದಿಲ್ಲ. ಗೂಡಿಗೆ ಹೋಗಿ ಉಳಿದವಕ್ಕೂ ಹಂಚಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಹಲ್ಲಿಗೆ ಸುಲಭವಾಗಿ ಸಿಗುವುದು ಅಂಥ ಅರೆಜೀವದ ಹುಳವೇ. ಲಾನಿನ ಮಿಡತೆಗೆ ತೋಟದ ಔಷಧಿ, ದೀಪದ ಹುಳಕ್ಕೆ ಸೊಳ್ಳೆಯ ಹೊಗೆ. ಮೊದಲ ಮಳೆಗೆ ಏಳುವ ಈಸಲು ಹುಳ ನೋಡಿ ನನಗೇ ಆಸೆಯಾಗುತ್ತದೆ, ಗೆದ್ದಲು ಗಡ್ಡದ ಹಲ್ಲಿಯ ತವರಿನ ಊಟವೂ ಹೌದು. ಆದರೆ ಕಟ್ಟಡದ ಬುಡಕ್ಕೆ ಗೆದ್ದಲಿನ ಔಷಧಿ ಇಳಿಸಿದ ಜಾಗದಲ್ಲಿ ಎದ್ದ ಈಸಲನ್ನು ಹೇಗೆ ನಂಬುವುದು? ಹೊರಗಿನ ಹುಳ ತರುವ ಜಂತುಗಳ ಕಾಟ ಬೇರೆ.

ಔಷಧಿ ಬೀಳದ ಹೊಲದ ಹುಳವಾದರೂ ಎಲ್ಲವೂ ತಿನ್ನುವಂಥದ್ದಲ್ಲ. ಎಕ್ಕದ ಗಿಡದ ಮೇಲೆ ಹಳದಿ, ನೀಲಿ ಪಟ್ಟೆಯ ಚೆಂದದ ಮಿಡತೆ ಕೂತಿರುತ್ತದಲ್ಲ, ಅದು ಎಕ್ಕದ ಹಾಲಿನ ವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಂಡಿರುತ್ತದೆ, ಹೃದಯಕ್ಕೆ ತಾಗುವ ವಿಷ. ಬಣ್ಣ ಮೆರೆಸುವ ಹುಳ, ಮೈತುಂಬ ರೋಮದ ಕಂಬಳಿಹುಳ, ಇವುಗಳ ತಂಟೆಗೆ ಹೋಗಬಾರದು.

ಎಲ್ಲಕ್ಕಿಂತ ಹತ್ತಿರದಿಂದ ತಪ್ಪಿದ್ದು ಜೂನ್ ತಿಂಗಳ ಸಂಗತಿ. ಮಳೆ ಜೋರು ಹಿಡಿಯುವ ಮುಂಚಿನ ಕೆಲವು ವಾರ ಸಹ್ಯಾದ್ರಿಯ ಕಣಿವೆಗಳಲ್ಲಿ ಮಿಂಚುಹುಳುಗಳ ಜಾತ್ರೆ. ಪುಣೆ, ಮುಂಬೈಯಿಂದ ಕಾರುಗಳು ಸಾಲುಗಟ್ಟಿ ಭಂಡಾರದರಾ ಕಡೆಗೆ ಹೋಗುತ್ತವೆ. ನಾವೂ ಹೋದೆವು. ಇಡೀ ಮರಗಳು ಒಟ್ಟಿಗೆ ಹೊತ್ತಿ ಆರುವುದನ್ನು ನೋಡಿ ಮಾತಿಲ್ಲದೆ ನಿಂತೆವು. ಹಿಡಿಯಬಾರದು ಎಂದು ಗೈಡ್ ಹೇಳಿದ್ದರೂ, ಮಗಳು ಹುಲ್ಲಿನಿಂದ ನಾಲ್ಕು ಹುಳ ಹಿಡಿದು ನೀರಿನ ಬಾಟಲಿಯಲ್ಲಿ ಬಚ್ಚಿಟ್ಟಿದ್ದು ನಮಗೆ ಗೊತ್ತಾದದ್ದು ಮರುದಿನ ಮನೆಗೆ ಬಂದ ಮೇಲೆ. “ಕ್ಯಾತನಿಗೆ ಗಿಫ್ಟ್” ಎಂದಳು. ಬೈಯುವುದು ಬೈದೆ. ಆಮೇಲೆ, ತಂದದ್ದಾಯಿತಲ್ಲ, ಔಷಧಿ ಕಾಣದ ಕಾಡಿನ ಹುಳ, ಸಣ್ಣದು, ಮೆತ್ತಗಿದೆ, ಕಣ್ಣಿನ ಅಂತರದ ಲೆಕ್ಕಕ್ಕೂ ಸರಿಯಿದೆ ಎಂದು ನಾನೇ ಮುಚ್ಚಳ ಬಿಚ್ಚಿದೆ. ಇಷ್ಟೆಲ್ಲ ಕಲಿತ ನಾನೇ. ಒಂದು ಹುಳ ಬಾಟಲಿಯ ಬಾಯಿಗೆ ಬಂದಿತ್ತು. ಕ್ಯಾತ ತಲೆ ಓರೆ ಮಾಡಿ ನೋಡುತ್ತಿದ್ದ.

ನೀರು ಕುಡಿಯಲು ಅಡುಗೆಮನೆಗೆ ಹೋದ ಮಗಳು ಅಲ್ಲಿಂದಲೇ ಕೂಗಿದಳು: “ಅಪ್ಪಾ, ಬೇಡ! ಫೈರ್‌ಫ್ಲೈ ಅಂತ ಇದೆ ಇಲ್ಲಿ.” ಡಾಕ್ಟರಮ್ಮ ಕೊಟ್ಟಿದ್ದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ನಾನು ಅದನ್ನು ಮರೆತಿದ್ದೆ. ‘ಯಾವತ್ತೂ ಕೊಡಬಾರದು’ ಪಟ್ಟಿಯ ಮೊದಲ ಸಾಲು ಅದೇ, ಕೆಂಪು ಇಂಕಿನಲ್ಲಿ. ಮುಚ್ಚಳ ಹಾಕಿದ ನನ್ನ ಕೈ ನಡುಗುತ್ತಿತ್ತು.

ಆ ರಾತ್ರಿ ಕೂತು ಓದಿದೆ. ಅಮೆರಿಕದಲ್ಲಿ ಮಿಂಚುಹುಳ ತಿಂದ ಗಡ್ಡದ ಹಲ್ಲಿಗಳು ಸತ್ತದ್ದನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಸಂಗಡಿಗರು 1999ರಲ್ಲೇ ದಾಖಲಿಸಿದ್ದಾರೆ. ಆ ಹುಳುಗಳ ಮೈಯಲ್ಲಿ ಲೂಸಿಬುಫಾಜಿನ್ ಎಂಬ ವಿಷವಿದೆ. ಕೆಲವು ನೆಲಗಪ್ಪೆಗಳ ವಿಷಕ್ಕೆ ಹತ್ತಿರದ ಸಂಬಂಧಿ, ಹೃದಯವನ್ನೇ ಹಿಡಿಯುತ್ತದೆ. ಒಂದೇ ಒಂದು ಹುಳ ಸಾಕು. ತಲೆ ಒದರುವುದು, ಬಾಯಿ ಬಿಡುವುದು, ಮೈ ಕಪ್ಪಾಗುವುದು, ಒಂದೆರಡು ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಆ ತವರಿನಲ್ಲಿ ಇಂಥ ಹುಳ ಎದುರಾಗದ ಹಲ್ಲಿಗೆ, ಇದನ್ನು ಉಗುಳಬೇಕು ಎಂಬ ಬುದ್ಧಿ ಬಂದಿರುವುದಿಲ್ಲ. ಅವು ಅಮೆರಿಕದ ಜಾತಿಗಳು ನಿಜ. ನಮ್ಮ ಸಹ್ಯಾದ್ರಿಯ ಮಿಂಚುಹುಳ ಹೇಗೋ ಎಂದು ಪರೀಕ್ಷಿಸಲು ಕ್ಯಾತನ ಹೊಟ್ಟೆ ಪ್ರಯೋಗಶಾಲೆಯಲ್ಲ. ಬಾಟಲಿ ಹಿಡಿದು ಮುಳಾ ನದಿಯ ದಂಡೆಯ ಹುಲ್ಲಿಗೆ ಹೋಗಿ ನಾಲ್ಕನ್ನೂ ಬಿಟ್ಟುಬಂದೆವು. ಎರಡು ಹಾರಿದವು.

ದೀಪಾವಳಿಯ ನಂತರ ಅಮ್ಮ ಬಂದಳು. ಅಪ್ಪ ಹೋದ ಮೇಲೆ ಹಿಪ್ಪುನೇರಳೆ ತೋಟವನ್ನು ಗುತ್ತಿಗೆಗೆ ಕೊಟ್ಟಿದ್ದಾಳೆ. ಮೂವತ್ತು ವರ್ಷ ನೂರು, ನೂರೈವತ್ತು ಮೊಟ್ಟೆ ಮೇಯಿಸಿದ ಕೈ, ಈಗ ಕೆಲಸವಿಲ್ಲದೆ ಒದ್ದಾಡುತ್ತದೆ. ಕ್ಯಾತನಿಗೆ ಮೆತ್ತಗಿನ ಹುಳ ಒಳ್ಳೆಯದು, ಅದರಲ್ಲೂ ರೇಷ್ಮೆಹುಳ ಬಹಳ ಒಳ್ಳೆಯದಂತೆ, ಸಿಪ್ಪೆ ಗಟ್ಟಿಯಿಲ್ಲ, ಕೊಬ್ಬು ಕಡಿಮೆ ಎಂದು ಫೋನಿನಲ್ಲಿ ಮಾತಿಗೆ ಹೇಳಿದ್ದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ಇಳಿದವಳ ಮಡಿಲಲ್ಲಿ, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ಚಾಕಿ ಕೇಂದ್ರದಿಂದ ತಂದ ತೊಂಬತ್ತು ಹುಳ. “ಎರಡನೇ ಜ್ವರಕ್ಕೆ ಕೂತಿದ್ವು. ಜ್ವರದಲ್ಲಿ ಸೊಪ್ಪು ಕೇಳಲ್ವಲ್ಲ, ಅದಕ್ಕೇ ಆ ದಿನಾನೇ ನೋಡಿ ರೈಲು ಹತ್ತಿದೆ” ಎಂದಳು. ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರ.

ಅವತ್ತೇ ಒಂದನ್ನು ಕ್ಯಾತನಿಗೆ ಹಾಕಲು ಹೋದವನ ಕೈ ಹಿಡಿದಳು. “ತಾಳೋ. ಜ್ವರದಲ್ಲಿ ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಿರ್ತಾರೆ. ರೋಗ ಬರದಿರಲಿ ಅಂತ ಔಷಧಿ ಪುಡೀನೂ ಹಾಕಿರ್ತಾರೆ. ಇನ್ನೊಂದು ಜ್ವರ ಕಳೀಲಿ, ಪೊರೆ ಬಿಡ್ಲಿ, ಇಲ್ಲಿನ ಸೊಪ್ಪು ತಿನ್ಲಿ.” ನಾನು ಹುಡುಕಿ ಓದಿದ ಯಾವ ಬರಹದಲ್ಲೂ ಈ ಮಾತಿರಲಿಲ್ಲ. ಹೊರದೇಶದವರು ಹಲ್ಲಿಗೆಂದೇ ಸಾಕಿದ ರೇಷ್ಮೆಹುಳ ಕೊಳ್ಳುತ್ತಾರೆ. ನಮ್ಮ ಹುಳು ಮನೆಗಳು ಗೂಡಿಗಾಗಿ ಇರುವವು. ಬ್ಲೀಚಿಂಗ್ ಪೌಡರ್, ಸುಣ್ಣ, ಸೋಂಕಿನ ಪುಡಿ ಇಲ್ಲದೆ ಅಲ್ಲಿ ಬೆಳೆ ಬರುವುದಿಲ್ಲ. ಊರಿಗೆ ಹೋದಾಗ ಒಂದು ಹಿಡಿ ದೊಡ್ಡ ಹುಳ ತಂದು ನೇರ ಹಲ್ಲಿಯ ಬಾಯಿಗೆ ಹಾಕುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ಬಿಡಿ.

ಸೊಪ್ಪಿನ ಪ್ರಶ್ನೆ ಬಂತು. ಸೊಸೈಟಿಯ ಹಿಂದುಗಡೆ ಒಂದು ಹಿಪ್ಪುನೇರಳೆ ಮರವಿದೆ, ಇಲ್ಲಿ ತುತಿ ಎನ್ನುತ್ತಾರೆ. ಅಮ್ಮ ಎಲೆ ಮೂಸಿ ನೋಡಿ, ಹತ್ತೇ ಹುಳವನ್ನು ಬೇರೆ ತಟ್ಟೆಗೆ ಹಾಕಿ, ಅವಕ್ಕೆ ಮಾತ್ರ ಕೊಟ್ಟಳು. ಸಂಜೆಯ ಹೊತ್ತಿಗೆ ಅವು ತಲೆ ತೂಗಿ, ಹಸಿರು ನೀರು ಕಾರಿ ಬಿದ್ದಿದ್ದವು. ಔಷಧಿ ಹೊಡೆದ ಸೊಪ್ಪು. ತೋಟದ ಮಾಲಿಯನ್ನು ಕ ೇಳಿದರೆ ಹೌದೆಂದ. ಊರಿನಲ್ಲಿ ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದಾಗಲೆಲ್ಲ ಅವಳು ಹೀಗೇ ಹತ್ತು ಹುಳ ಬಲಿ ಕೊಟ್ಟು ಉಳಿದವನ್ನು ಉಳಿಸಿಕೊಂಡವಳು. ಆಮೇಲೆ ಮುಳಶಿಯಲ್ಲಿ ಜಮೀನಿರುವ ಸಹೋದ್ಯೋಗಿಯೊಬ್ಬರಿಂದ ಸೊಪ್ಪು ತರಿಸಿದೆವು. ರೇಷ್ಮೆಹುಳ ವಿಷ ಕಂಡರೆ ಸತ್ತು ತೋರಿಸುತ್ತದೆ. ಜಿರಳೆ ಹಾಗಲ್ಲ, ಬದುಕಿಕೊಂಡೇ ಹೊತ್ತು ತರುತ್ತದೆ.

ಮೂರನೇ ಜ್ವರ ಎದ್ದ ಹುಳವನ್ನು ಮೊದಲ ಸಲ ಕೊಟ್ಟಾಗ ಕ್ಯಾತ, ಸೊಟ್ಟ ದವಡೆಯ ಕ್ಯಾತ, ಒಂದೇ ಬಾರಿಗೆ ನಾಲಿಗೆ ಚಾಚಿ ಎಳೆದುಕೊಂಡ. ಅಗಿಯಲು ಕಷ್ಟಪಡಲಿಲ್ಲ. ಅಷ್ಟು ಹೊತ್ತಿಗೆ ಅವನು ದೊಡ್ಡವನಾಗಿದ್ದ. ದೊಡ್ಡವರಿಗೆ ಮುಕ್ಕಾಲು ಪಾಲು ಸೊಪ್ಪು ತರಕಾರಿಯೇ ಊಟ, ಹುಳ ವಾರಕ್ಕೆ ಎರಡು ಮೂರು ದಿನ ನಾಲ್ಕೋ ಆರೋ ಸಾಕು. ಮರಿಯಿದ್ದಾಗಿನ ಲೆಕ್ಕದಲ್ಲಿ ತಿನ್ನಿಸುತ್ತಾ ಹೋದರೆ ಲಿವರಿಗೆ ಕೊಬ್ಬು ಕಟ್ಟುತ್ತದೆ. ಪಾಲಕ್ ಮಾತ್ರ ದಿನಾ ಬೇಡ, ಅದರ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಮ್ಮನಿಗೆ ಮಾತ್ರ ಮನಸ್ಸಿಗೆ ಸಮಾಧಾನವಿರಲಿಲ್ಲ. “ಗೂಡು ಕಟ್ಟೋ ಹುಳಾನ ಹಲ್ಲಿ ಬಾಯಿಗೆ ಹಾಕ್ತೀವಲ್ಲೋ.” ಬಿಸಿನೀರಿಗೆ ಹಾಕಿ ನೂಲು ತೆಗೆಯುವಾಗಲೂ ಸಾಯುತ್ತದಲ್ಲಮ್ಮ ಎಂದೆ. “ಅದು ಕಸುಬು ಕಣೋ” ಎಂದಳು. ಆದರೂ ಬೆಳಿಗ್ಗೆ ಐದಕ್ಕೆದ್ದು ಕೈ ತೊಳೆದು ಸೊಪ್ಪು ಹೆಚ್ಚುವುದು, ಹಿಕ್ಕೆ ತೆಗೆಯುವುದು, ಬಾಲ್ಕನಿಗೆ ಚಪ್ಪಲಿ ಹಾಕಿ ಬಂದವರನ್ನು ಗದರುವುದು ನಿಲ್ಲಲಿಲ್ಲ. ಅಪ್ಪನ ಬೀಡಿಯನ್ನು ಹುಳು ಮನೆಯ ಹತ್ತಿರ ಸೇರಿಸುತ್ತಿರಲಿಲ್ಲ, ತಂಬಾಕಿನ ಕೈ ಸೋಕಿದರೂ ಹುಳ ಸಾಯುತ್ತದೆ ಎಂದು. ಕ್ಯಾತನನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಹಲ್ಲಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಇರುತ್ತದೆ, ಅವನ ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು ಎಂದು ನಾನು ವರ್ಷದಿಂದ ಹೇಳಿದ್ದು ಮಗಳ ತಲೆಗೆ ಹೋಗಿರಲಿಲ್ಲ. ಅಜ್ಜಿ ಒಂದು ವಾರದಲ್ಲಿ ಕಲಿಸಿದಳು.

ಹಲ್ಲಿ ಸಾಕಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುವ ಪ್ರಾಣಿ. ನಮ್ಮಂಥವರ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಪ್ರತಿ ಹಬ್ಬಕ್ಕೆ ಊರಿಗೆ ಹೊರಟಾಗ ದೀಪ ಹಾಕುವವರು ಯಾರು, ಜಿರಳೆಗೆ ಕ್ಯಾರೆಟ್ ಹಾಕುವವರು ಯಾರು ಎಂದು ಹುಡುಕಬೇಕು. ನಮ್ಮ ಅದೃಷ್ಟಕ್ಕೆ ಕೆಳಮಹಡಿಯಲ್ಲಿ ಬೆಳಗಾವಿಯ ಒಂದು ಕುಟುಂಬವಿದೆ. ಕೈಗೆ ಬಂದಿರುವವನನ್ನಂತೂ ಬಿಡುವ ಹಾಗಿಲ್ಲ.

ಇಪ್ಪತ್ತು ದಿನದ ಮೇಲೆ, ತಿನ್ನಿಸಿ ಉಳಿದ ಹುಳುಗಳು ಹಣ್ಣಾಗಿ ಮೈ ಹೊಳಪು ಬಂದಾಗ, ಅಮ್ಮ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, “ಇವು ನನ್ನವು” ಎಂದಳು. ಯಾರೂ ಎದುರಾಡಲಿಲ್ಲ. ಇಲ್ಲಿ ಚಂದ್ರಿಕೆ ಎಲ್ಲಿಂದ ತರುವುದು? ಮೊಟ್ಟೆಯ ಟ್ರೇ, ಒಣಕಡ್ಡಿ ಜೋಡಿಸಿ ತಾನೇ ಕಟ್ಟಿದಳು. ಇಪ್ಪತ್ತಮೂರು ಗೂಡಾದವು. ಅಮ್ಮ ಊರಿಗೆ ಹೊರಟ ಮೇಲೆ ಮಗಳು ಅವನ್ನು ಕ್ಯಾತನ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟಿದ್ದಳು. ವಿಡಿಯೊ ಕಾಲ್‌ನಲ್ಲಿ ಅದನ್ನು ನೋಡಿದವಳೇ, “ಅಯ್ಯೋ, ದೀಪದ ಬಿಸಿಗೆ ಒಳಗಿರೋದು ಸತ್ತೋಗುತ್ತೆ, ಮೊದಲು ತೆಗಿಯೇ ಅಲ್ಲಿಂದ” ಎಂದು ಮೊಮ್ಮಗಳನ್ನು ಗದರಿದಳು. ತೆಗೆದು ಪುಸ್ತಕದ ಕಪಾಟಿನಲ್ಲಿಟ್ಟಿದ್ದೇವೆ.